ಬೆಂಗಾಲ್ ಬೆಕ್ಕಿನ ನಾತ

ಕೊಳ್ಳೇಗಾಲದ ಅರಿಸಿನ ವ್ಯಾಪಾರಿ ಕೆಂಪನಂಜಪ್ಪನವರ ಕಲ್ಯಾಣ ಮಂಟಪಕ್ಕೆ ಶಿವಮಲ್ಲಪ್ಪ ಮ್ಯಾನೇಜರು. ಮ್ಯಾನೇಜರು ಅನ್ನುವುದು ಬಾಗಿಲ ಮೇಲಿನ ಬೋರ್ಡಿನಲ್ಲಿ. ನಿಜವಾಗಿ ಅವನ ಕೆಲಸ ಅಂದರೆ, ಮದುವೆಗೆ ಬಂದ ಎರಡೂ ಕಡೆಯವರಿಂದ ಬೈಸಿಕೊಳ್ಳುವುದು. ನಲ್ಲಿಯಲ್ಲಿ ನೀರು ಬರದಿದ್ದರೆ ಅವನು, ಅನ್ನ ಸೀದರೆ ಅವನು, ಗಂಡಿನ ಚಿಕ್ಕಪ್ಪನ ಚಪ್ಪಲಿ ಕಳೆದರೂ ಅವನೇ. ಲಗ್ನಗಳೆಲ್ಲ ಮುಗಿದು ಆಷಾಢ ಬಂತೆಂದರೆ ಒಂದು ತಿಂಗಳು ಯಾರ ಕೈಲೂ ಬೈಸಿಕೊಳ್ಳದೆ ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂರಬೇಕು ಅನ್ನುವುದೊಂದೇ ಅವನ ಆಸೆ. ಆ ಸಲ ಆಷಾಢದ ಮೊದಲ ದಿನ ಅವನು ಕಾಲು ಚಾಚಿದ. ಪೂರ್ತಿ ಚಾಚುವಷ್ಟರಲ್ಲಿ ಸಾವ್ಕಾರರ ಕಾರು ಬಂತು.

ಕಾರಿನಿಂದ ಇಳಿದವಳು ಸಾವ್ಕಾರರ ಸೊಸೆ ನಾಗಶ್ರೀ. ಮೈಸೂರಿನ ಹುಡುಗಿ. ಕೈಯಲ್ಲಿ ಜಾಲರಿ ಬಾಗಿಲಿನ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ಅದರೊಳಗೆ ಹೊಂಬಣ್ಣದ ಮೈ, ಮೈತುಂಬ ಕಪ್ಪು ಚುಕ್ಕೆ, ಬಾಲಕ್ಕೆ ಕಪ್ಪು ಉಂಗುರಗಳಿದ್ದ ಒಂದು ಪ್ರಾಣಿ ಶಿವಮಲ್ಲಪ್ಪನನ್ನು ಬಾಡಿಗೆ ಬಾಕಿದಾರನನ್ನು ನೋಡುವ ಹಾಗೆ ನೋಡುತ್ತಿತ್ತು.

“ಅಂಕಲ್, ನಾವೆಲ್ಲ ಕಾಶಿಗೆ ಹೋಗ್ತಿದೀವಿ. ಪ್ರಿನ್ಸ್‌ನ ಯಾರ ಹತ್ರ ಬಿಡೋದು ಅಂತಿದ್ದೆ. ಮಾವ ಅಂದ್ರು, ಶಿವಮಲ್ಲಪ್ಪ ಇದಾನಲ್ಲ, ಅಂತ.”

ಈ ಮಾತನ್ನು ಶಿವಮಲ್ಲಪ್ಪ ಕೆಲಸಕ್ಕೆ ಸೇರಿದಾಗಿನಿಂದ ಕೇಳುತ್ತ ಬಂದಿದ್ದ. ಜನರೇಟರ್ ಕೆಟ್ಟಾಗಲೂ ಸಾವ್ಕಾರರು ಅದನ್ನೇ ಅನ್ನುತ್ತಿದ್ದರು, ಅಡುಗೆಯವರು ಓಡಿಹೋದಾಗಲೂ ಅದನ್ನೇ.

“ಇದು ಬೆಂಗಾಲ್ ಬ್ರೀಡ್ ಅಂಕಲ್. ಹೊರಗೆ ಬಿಡಬೇಡಿ, ಯಾರಿಗೂ ತೋರಿಸಬೇಡಿ, ದೃಷ್ಟಿಯಾಗುತ್ತೆ. ಈ ಹೊಸ ಟಬ್ಬಲ್ಲಿ ಲಿಟರ್ ಪುಡಿ ಹಾಕಿದೀನಿ, ಮಿಕ್ಕಿದ್ದು ಈ ಚೀಲದಲ್ಲಿದೆ. ಇವನು ಅದರಲ್ಲೇ ಎಲ್ಲ ಮಾಡ್ಕೊತಾನೆ. ವಾಸನೆಯೆಲ್ಲ ಅದೇ ಎಳ್ಕೊಳುತ್ತೆ. ಕಮ್ಮಿಯಾದಾಗ ಮೇಲೆ ಹಾಕ್ತಾ ಇರಿ, ಅಷ್ಟೆ.”

ಕಾರು ಹೋದ ಮೇಲೆ ಶಿವಮಲ್ಲಪ್ಪನ ಹೆಂಡತಿ ಶಿವರತ್ನಮ್ಮ ಒಳಗಿನಿಂದ ಬಂದಳು.

“ಏನ್ರೀ, ಮ್ಯಾನೇಜರ್ ಎಂಡ್ತಿ ಅಂತ ನಮ್ಮಣ್ಣನ ಮುಂದೆ ತಲೆ ಎತ್ಕಂಡು ಓಡಾಡ್ತಾ ಇವ್ನಿ. ಸಾವ್ಕಾರ್ರ ಬೆಕ್ಕು ಕಾಯೋನ ಎಂಡ್ತಿ ಅನ್ನುಸ್ಕಬೇಕಾ ಈಗ?”

“ಒಂದು ತಿಂಗ್ಳು ಕನೆ.”

“ಯಾರ್ಗೂ ಯೋಳ್ಬ್ಯಾಡಿ. ಸಾವ್ಕಾರ್ರುದು ಅಂತ್ಲೂ ಯೋಳ್ಬ್ಯಾಡಿ, ಬೆಕ್ಕು ಅಂತ್ಲೂ ಯೋಳ್ಬ್ಯಾಡಿ.”

ಮುಂದೆ ಆದ ಅನಾಹುತಕ್ಕೆಲ್ಲ ಈ ಮಾತೇ ಮೂಲ ಎಂದು ಬೀದಿಯ ಹಿರಿಯರು ಆಮೇಲೆ ತೀರ್ಮಾನಿಸಿದರು. ಶಿವರತ್ನಮ್ಮ ಮಾತ್ರ ಈವರೆಗೂ ಒಪ್ಪಿಲ್ಲ.

ಟಬ್ಬನ್ನು ಹಿತ್ತಿಲ ಬಚ್ಚಲಿನ ಮೂಲೆಯಲ್ಲಿ ಇಟ್ಟರು. ಪ್ರಿನ್ಸ್ ದಿನಕ್ಕೆ ಮೂರ್ನಾಲ್ಕು ಸಲ ಗಂಭೀರವಾಗಿ ಅಲ್ಲಿಗೆ ಹೋಗಿ, ಕೆರೆದು, ಕೂತು, ಮುಚ್ಚಿ ಬರುತ್ತಿತ್ತು. ಶಿವಮಲ್ಲಪ್ಪ ನಾಗಶ್ರೀ ಹೇಳಿದ ಹಾಗೆ ಮೇಲಿನಿಂದ ಪುಡಿ ಸುರಿಯುತ್ತ ಬಂದ. ಒಂದು ವಾರಕ್ಕೆ ಚೀಲ ಬರಿದಾಯಿತು. ನಾತ ಶುರುವಾಯಿತು. ಕಣ್ಣಿಗೆ ಹೊಗೆ ಹೊಕ್ಕ ಹಾಗೆ ಉರಿಯುವ ನಾತ. ಅವನು ಕಾಶಿಗೆ ಫೋನು ಮಾಡಿದ.

“ಮೇಡಂ, ಆ ಪುಡಿ ಮುಗೀತು.”

“ಲಿಟರ್ ತಗೊಳ್ಳಿ ಅಂಕಲ್, ಅಂಗಡೀಲಿ ಸಿಗುತ್ತೆ.”

“ಎಷ್ಟು ಲೀಟರ್ ಮೇಡಂ?”

“ಐದು ಕೆಜಿ.”

“ಲೀಟರಾ ಕೆಜಿನಾ?”

“ಲಿಟರ್ ಅಂಕಲ್! ಕೆಜಿ ಲೆಕ್ಕದಲ್ಲಿ!”

ಹಿಂದೆ ಗಂಟೆಯ ಸದ್ದು, ಸಾವ್ಕಾರರ ದನಿ: “ಯಾರು, ಶಿವಮಲ್ಲಪ್ಪನಾ? ಗಂಗಾಸ್ನಾನ ಆಯ್ತು ಅಂತ ಯೋಳು.” ಫೋನು ಕಟ್ಟಾಯಿತು. ಶಿವಮಲ್ಲಪ್ಪ ಯಾವುದಕ್ಕೂ ಇರಲಿ ಎಂದು ಒಂದು ಕೈಲಿ ಕ್ಯಾನು, ಇನ್ನೊಂದು ಕೈಲಿ ಚೀಲ ಹಿಡಿದು ರಂಗರಾಜುವಿನ ಅಂಗಡಿಗೆ ಹೋದ. ರಂಗರಾಜುವಿನದು ಬೂಸಾ, ಹಿಂಡಿ, ಕೋಳಿ ಆಹಾರದ ಅಂಗಡಿ. ಈಚೆಗೆ ಮುಂದುಗಡೆ ಎರಡು ಮೀನಿನ ತೊಟ್ಟಿ ಇಟ್ಟು ಬೋರ್ಡಿಗೆ ‘ಪೆಟ್ ವರ್ಲ್ಡ್’ ಎಂದು ಸೇರಿಸಿಕೊಂಡಿದ್ದ.

“ಬೆಕ್ಕಿನ್ ಲೀಟರ್ ಕೊಡಪ್ಪ, ಐದು ಕೆಜಿ. ಯಾರ್ಗೂ ಯೋಳ್ಬ್ಯಾಡ.”

“ಬೆಕ್ಕಿನ್ ಹಾಲಾ?” ಎಂದ ರಂಗರಾಜು, ಗಾಬರಿಯಾಗಿ.

ಕೈಸನ್ನೆ, ಬಾಯಿಸನ್ನೆ, ಕೊನೆಗೆ ಕೂತು ತೋರಿಸಿದ ಮೇಲೆ ರಂಗರಾಜುವಿಗೆ ಅರ್ಥವಾಯಿತು. ಅಟ್ಟದಿಂದ ಧೂಳು ಹಿಡಿದ ಒಂದು ಚೀಲ ಇಳಿಸಿ ಪಟಪಟನೆ ತಟ್ಟಿದ. “ಲ್ಯಾವೆಂಡರ್ ಕನಣ್ಣ. ಇದ ಆಕ್ಬುಟ್ರೆ ಮನೆಯೆಲ್ಲ ಊವಿನ್ ತೋಟ.”

ಹೂವಿನ ತೋಟದ ಪರಿಮಳ ಬಂತು, ನಿಜ. ಆದರೆ ನಾತ ಹೋಗಲಿಲ್ಲ. ನಾತಕ್ಕೆ ಒಂದು ಜೊತೆ ಸಿಕ್ಕಿತು, ಅಷ್ಟೆ. ಅವೆರಡೂ ಕೈಕೈ ಹಿಡಿದುಕೊಂಡು ಬಚ್ಚಲಿನಿಂದ ನಡುಮನೆಗೆ, ನಡುಮನೆಯಿಂದ ಜಗಲಿಗೆ ಬಂದವು. ಶಿವರತ್ನಮ್ಮ ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂತವಳು ಮೂಗಿಗೆ ಸೆರಗು ಕಟ್ಟಿಕೊಂಡು ಪೂಜೆ ಮುಗಿಸಿದಳು.

ಶಿವಮಲ್ಲಪ್ಪ ಲ್ಯಾವೆಂಡರಿನ ಮೇಲೆ ಮರದ ಮಿಲ್ಲಿನ ಹೊಟ್ಟು ಸುರಿದ. ಪ್ರಿನ್ಸ್ ಆ ಹೊಟ್ಟನ್ನು ಮೈಗಂಟಿಸಿಕೊಂಡು ಬಂದು ಹಾಸಿಗೆಯ ಮೇಲೆ ಕೊಡವಿತು. ಹೊಟ್ಟಿನ ಮೇಲೆ ಮನೆ ಕಟ್ಟುವ ಎಂ-ಸ್ಯಾಂಡ್ ಮರಳು ಸುರಿದ. ಪ್ರಿನ್ಸ್ ಒಂದು ಕಾಲಿಟ್ಟು, ಕಾಲು ಹಿಂದಕ್ಕೆ ತೆಗೆದು, ಅವನ ಚಪ್ಪಲಿಯ ಕಡೆ ನಡೆಯಿತು. ಎಂ-ಸ್ಯಾಂಡಿನ ಮೇಲೆ ಮತ್ತೆ ಹೊಟ್ಟು ಸುರಿದ.

ಪಕ್ಕದ ಮನೆಯ ವಸಂತಮ್ಮ ನೇಕಾರರ ಪೈಕಿ. ಹಿತ್ತಿಲ ಗೋಡೆಯ ಪಕ್ಕದಲ್ಲೇ ರಾಟೆ ಇಟ್ಟುಕೊಂಡು ರೇಷ್ಮೆ ಸುತ್ತುತ್ತಾಳೆ. ಒಂದು ಬೆಳಿಗ್ಗೆ ಗೋಡೆಯ ಮೇಲೆ ಅವಳ ತಲೆ ಎದ್ದಿತು.

“ಶಿವಮಲ್ಲಪ್ಪಣ್ಣ, ನಿಮ್ ಇತ್ಲಿಂದ ಅದೇನೋ ನಾತ ಬತ್ತಾ ಅದಲ್ಲ. ಬೆಕ್ಕು ಗಿಕ್ಕು ಸಾಕಿದ್ದರಾ?”

ಬೆಕ್ಕು ಎಂದು ಹೇಳಬಾರದು. ಸಾವ್ಕಾರರದು ಎಂದೂ ಹೇಳಬಾರದು. ಜೊತೆಗೆ, ಬೆಕ್ಕು ಸಾಕಿದ್ದೀರಾ ಎಂದು ಆಕೆ ಕೇಳಿದ ರೀತಿ ಒಬ್ಬ ಮ್ಯಾನೇಜರನನ್ನು ಕೇಳುವ ರೀತಿಯಾಗಿರಲಿಲ್ಲ.

“ಬೆಕ್ಕಲ್ಲ ಕನಮ್ಮ,” ಎಂದ ಶಿವಮಲ್ಲಪ್ಪ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು. “ಬೆಂಗಾಲ್. ಈ ತಾಲ್ಲೂಕ್ಗೆಲ್ಲ ಒಂದೇ.”

“ಬೆಂಗಾಲಾ? ಅಂಗಂದ್ರೆ ಏನಣ್ಣ?”

“ಯೋಳಂಗಿಲ್ಲ ಕನಮ್ಮ,” ಎಂದು ಅವನು ಒಳಗೆ ಹೋದ. ಆ ವಾರದಲ್ಲಿ ಅವನಿಗೆ ಸ್ವಲ್ಪ ಹಿತವೆನಿಸಿದ್ದು ಆ ಒಂದು ಗಳಿಗೆ.

ಅದೇ ವಾರ ಶಿವರತ್ನಮ್ಮನ ಅಣ್ಣ ಮಲ್ಲಿಕಾರ್ಜುನಸ್ವಾಮಿ ಯಳಂದೂರಿಗೆ ಹತ್ತಿರದ ಅಗರದಿಂದ ಬಂದ. ಬಂದವನು ಕುರ್ಚಿಯಲ್ಲಿ ಕೂತು, ಮೂಗರಳಿಸಿ, ಅತ್ತ ಇತ್ತ ನೋಡಿದ. ಪ್ರಿನ್ಸನ್ನು ರೂಮಿನಲ್ಲಿ ಕೂಡಿ ಚಿಲಕ ಹಾಕಿದ್ದರು.

“ರತ್ನಿ, ಚರಂಡಿ ಕಟ್ಕಂಡದಾ?”

“ಇಲ್ಲ ಕನಣ್ಣ.”

“ಮತ್ತೆ ಉಚ್ಚೆ ನಾತ?”

ಶಿವರತ್ನಮ್ಮನಿಗೇ ತಿಳಿಯದ ಹಾಗೆ ಅವಳ ಕಣ್ಣು ಗಂಡನ ಕಡೆ ಹೋಯಿತು. ಅಣ್ಣನೂ ಆ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಎದ್ದು, ಕಾಫಿ ಮುಟ್ಟದೆ, ಭಾವನ ಭುಜ ತಟ್ಟಿ, “ವಯಸ್ಸಾಯ್ತಾ ಬಂದಂಗೆ ಯಾರ್ಗಾದ್ರೂ ಬರೋದೆಯ. ನಾಚ್ಕಬ್ಯಾಡ ಭಾವ,” ಎಂದು ಮೆಲ್ಲಗೆ ಹೇಳಿ ಬಸ್ಸಿಗೆ ಹೋದ. ಮಾರನೆ ದಿನದಿಂದ ಅಗರದ ನೆಂಟರೆಲ್ಲ ಸರದಿಯಂತೆ ಫೋನು ಮಾಡತೊಡಗಿದರು. ಒಬ್ಬರು ಬಾರ್ಲಿ ಗಂಜಿ ಕುಡಿಯಲು ಹೇಳಿದರು. ಒಬ್ಬರು ಮೈಸೂರಿನ ಡಾಕ್ಟರರ ಹೆಸರು ಹೇಳಿದರು. ಸೋದರತ್ತೆಯೊಬ್ಬಳು ಹಾಸಿಗೆಯ ಮೇಲೆ ಹಾಸುವ ರಬ್ಬರು ಬಟ್ಟೆಯನ್ನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿಕೊಟ್ಟಳು. ಶಿವಮಲ್ಲಪ್ಪ ಎಲ್ಲರಿಗೂ “ಆಯ್ತು, ಆಯ್ತು” ಎಂದ. ಬೇರೆ ಏನು ಹೇಳಿದರೂ ಬೆಕ್ಕು ಹೊರಗೆ ಬರುತ್ತಿತ್ತು.

ಅವನು ಮತ್ತೆ ರಂಗರಾಜುವಿನ ಅಂಗಡಿಗೆ ಹೋಗಿ ಗೋಣಿಯ ಮೇಲೆ ಕೂತುಬಿಟ್ಟ. ರಂಗರಾಜು ಲ್ಯಾವೆಂಡರಿನ ಖಾಲಿ ಚೀಲವನ್ನು ತಿರುಗಿಸಿ ಓದಿದ.

“ಇಲ್ ನೋಡಣ್ಣ, ಬೆಂಟೊನೈಟ್ ಅಂತ ಬರದವ್ರೆ. ಅಂದ್ರೆ ಕರೆಂಟಿನ್ ಅರ್ತಿಂಗ್ ಗುಂಡಿಗೆ ಆಕೋ ಜೇಡಿಮಣ್ಣು. ಹನೂರಲ್ಲಿ ಮೋಟ್ರು ಸಾಮಾನಿನ ಅಂಗಡೀಲಿ ಮೂಟೇನೇ ಸಿಕ್ತದೆ. ಚೀಲದ್ ಮ್ಯಾಲೆ ಬೆಕ್ಕಿನ್ ಚಿತ್ರ ಇರಕಿಲ್ಲ, ಅಷ್ಟೆಯ.”

ಶಿವಮಲ್ಲಪ್ಪ ಹನೂರಿಗೆ ಹೋದ. ಮೋಟಾರ್ ಅಂಗಡಿಯವನು ಕೇಳಿದ:

“ಲೋಡ್ ಎಷ್ಟು ಸಾ?”

“ದಿನಕ್ಕೆ ಮೂರ್ನಾಕು ಸಲ.”

ಅಂಗಡಿಯವನು ಸ್ವಲ್ಪ ಹೊತ್ತು ಯೋಚಿಸಿ, ಮಾತು ಬೆಳೆಸದೆ ಮೂಟೆ ಕೊಟ್ಟ. ವಾಪಸು ಬರುವಾಗ ಬಸ್ಸಿನ ತುಂಬ ಬೆಟ್ಟದ ದೇವಸ್ಥಾನಕ್ಕೆ ಹೋಗಿ ಬಂದ ಜನ. ಕಂಡಕ್ಟರ್ ಮೂಟೆಯನ್ನು ಕಾಲಿನಿಂದ ಒತ್ತಿ ನೋಡಿದ.

“ಏನಿದು?”

“ಅರ್ತಿಂಗು.”

“ಯಾತಕ್ಕೆ?”

ಶಿವಮಲ್ಲಪ್ಪನಿಗೆ ಸುಳ್ಳು ಹುಡುಕುವ ಶಕ್ತಿಯೂ ಉಳಿದಿರಲಿಲ್ಲ. “ಬೆಕ್ಕಿಗೆ,” ಎಂದ. ಪಕ್ಕದಲ್ಲಿ ಕೂತಿದ್ದವರು ಎದ್ದು ಮುಂದಿನ ಸೀಟಿಗೆ ಹೋದರು.

ಅರ್ತಿಂಗ್ ಪುಡಿಗೆ ಒಂದು ಗುಣವಿದೆ. ನೀರು ಬಿದ್ದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಇಟ್ಟಿಗೆಯಾಗುತ್ತದೆ. ಪ್ರಿನ್ಸ್ ಮೊದಲ ದಿನ ಟಬ್ಬಿನಿಂದ ಬರುವಾಗ ಕಾಲಿಗೆ ಒಂದು ಪದರ ಮೆತ್ತಿತ್ತು. ಎರಡನೆಯ ದಿನಕ್ಕೆ ನಾಲ್ಕೂ ಕಾಲಿಗೆ ಬೂಟು ಬೆಳೆದವು. ಮನೆಯೊಳಗೆ ಟಕ್ ಟಕ್ ಎಂದು ಇನ್ಸ್‌ಪೆಕ್ಟರ್ ಓಡಾಡಿದ ಸದ್ದು. ತೊಳೆಯಲು ಹೋದ ಶಿವಮಲ್ಲಪ್ಪನ ಕೈ ಪರಚಿ, ಕಿಟಕಿಯಿಂದ ಹಾರಿ, ವಸಂತಮ್ಮನ ಅಂಗಳದ ಸಿಮೆಂಟಿನ ಮೇಲೆ ಹಸಿ ಬೂಟಿನಲ್ಲಿ ಒಂದು ಸುತ್ತು ಹಾಕಿಕೊಂಡು ಪ್ರಿನ್ಸ್ ತಾನೇ ವಾಪಸು ಬಂತು. ಯಾರೂ ನೋಡಲಿಲ್ಲವೆಂದು ಶಿವಮಲ್ಲಪ್ಪ ನಿಟ್ಟುಸಿರುಬಿಟ್ಟ.

ವಸಂತಮ್ಮ ನೋಡಿದಳು. ಬೆಕ್ಕನ್ನಲ್ಲ, ಹೆಜ್ಜೆಯನ್ನು. ಅಂಗಳದ ಈ ಕಡೆಯಿಂದ ಆ ಕಡೆಗೆ ಅಂಗೈ ಅಗಲದ ಬೂದು ಬಣ್ಣದ ಪಂಜಗಳು.

ಅವತ್ತು ಅವಳ ತಮ್ಮ ಮಾದು ಬಂದಿದ್ದ. ಅವನು ತಮಿಳುನಾಡಿನ ಗಡಿಯಲ್ಲಿರುವ ಮಾರ್ಟಳ್ಳಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟು, ಅರ್ಧ ತಮಿಳು, ಪೂರ್ತಿ ಕಾಡು ಕಲಿತವನು. ಕಾಡು ಕಲಿತದ್ದಾಗಿ ಅವನೇ ಹೇಳುತ್ತಿದ್ದ. ಮಂಡಿಯೂರಿ ಹೆಜ್ಜೆಯ ಮೇಲೆ ಅಂಗೈ ಇಟ್ಟ. ಗೋಡೆಯ ಹತ್ತಿರ ಹೋಗಿ ಮೂಸಿದ. ಕಣ್ಣಲ್ಲಿ ನೀರು ಬಂತು.

“ಅಕ್ಕಾ, ಇದು ಚಿರುತ್ತೈ ತಾನ್. ಚಿರತೆ ಮರಿ. ನಮ್ ಕಡೆ ಬಂಡೆ ಸಂದೀಲಿ ಇಂಗೇ ನಾತ ಒಡೀತದೆ.”

“ಅಯ್ಯೋ ಶಿವನೆ! ಆವಪ್ಪ ಬೆಂಗಾಲ್ ಅಂದ್ನಲ್ಲೋ!”

ಮಾದು ನಿಧಾನವಾಗಿ ಎದ್ದು ನಿಂತ. “ಬೆಂಗಾಲ್ ಅಂದ್ನಾ? ಅಂಗಾರೆ ಚಿರತೆ ಅಲ್ಲ ಅಕ್ಕಾ. ಹುಲಿ. ಟೀವೀಲಿ ಬೆಂಗಾಲ್ ಟೈಗರ್ ಅಂತ ತೋರ್ಸಕಿಲ್ವಾ?”

ಹೋದ ತಿಂಗಳಷ್ಟೇ ಊರಾಚೆಯ ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡಿದ್ದರಿಂದ ಬೀದಿಗೆ ನಂಬಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚಿರತೆಯ ಪಕ್ಷ, ಹುಲಿಯ ಪಕ್ಷ ಎಂದು ಎರಡಾಗಿ, ಎರಡು ಪಕ್ಷವೂ ಒಂದು ಮಾತಿಗೆ ಮಾತ್ರ ಒಪ್ಪಿದವು: ಮರಿಯ ನಾತ ಹಿಡಿದುಕೊಂಡು ತಾಯಿ ಬಂದೇ ಬರುತ್ತದೆ. ಬಂದದ್ದು ಶಿವಮಲ್ಲಪ್ಪನ ಮನೆಗೇ ಸರಿಯಾಗಿ ಹೋಗುತ್ತದೆಂದು ಏನು ಖಾತ್ರಿ? ಹೊತ್ತು ಮುಳುಗುವ ಮುಂಚೆ ಬೀದಿಯ ಬಾಗಿಲುಗಳೆಲ್ಲ ಮುಚ್ಚಿದವು. ಹಾಲಿನ ಡೇರಿಗೆ ಜನ ಗುಂಪು ಕಟ್ಟಿಕೊಂಡು ತಟ್ಟೆ ಬಡಿಯುತ್ತ ಹೋದರು.

ಮಾರನೆಯ ಸಂಜೆ, ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದ ನಂಜಯ್ಯನವರ ಮುಂದಾಳತ್ವದಲ್ಲಿ ಎಂಟು ಜನ ಶಿವಮಲ್ಲಪ್ಪನ ಜಗಲಿಗೆ ಬಂದರು. ನಂಜಯ್ಯನವರು ಹೆಜ್ಜೆ ಅಳೆದ ಟೇಪನ್ನು ಕೈಯಲ್ಲೇ ಹಿಡಿದಿದ್ದರು. ನಾತದ ವಿಷಯಕ್ಕೆ ಬಂದಿದ್ದಾರೆಂದು ಶಿವಮಲ್ಲಪ್ಪನಿಗೆ ನೋಡಿದ ಕೂಡಲೇ ತಿಳಿಯಿತು. ಕೈ ಮುಗಿದ.

“ಗೊತ್ತು ಸಾ. ಇಡೀ ಬೀದಿಗೆ ತೊಂದ್ರೆ ಆಗದೆ. ತಪ್ಪು ನಂದೆ.”

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆಂದು ಯಾರೂ ಎಣಿಸಿರಲಿಲ್ಲ. ನಂಜಯ್ಯ ಗಂಟಲು ಸರಿಮಾಡಿಕೊಂಡರು.

“ವಯಸ್ಸೆಷ್ಟು ಅದಕ್ಕೆ?”

“ಒಂದೂವರೆ ವರ್ಷ ಅಂತೆ.”

ಹಿಂದಿದ್ದವರು ಒಂದು ಮೆಟ್ಟಿಲು ಇಳಿದರು.

“ಅದರ ತಾಯಿ?”

“ಬೆಂಗ್ಳೂರಲ್ಲಿ ಅದಂತೆ ಸಾ. ಯಾರೋ ದೊಡ್ಡೋರ್ ಮನೇಲಿ.”

“ಮನೇಲಾ!” ಎಂದರು ಯಾರೋ.

“ಮಂಚದ್ ಮ್ಯಾಲೇ ಮನಗ್ತದಂತೆ.”

ನಂಜಯ್ಯನವರು ಜಗಲಿಯ ಕಂಬ ಹಿಡಿದುಕೊಂಡರು. “ನೋಡಿ ಶಿವಮಲ್ಲಪ್ಪ, ಇದು ಕಾನೂನಿಗೆ ವಿರುದ್ಧ. ಸುಮ್ನೆ ಕಾಡಿಗೆ ಬಿಟ್ಟುಬಿಡಬಾರದಾ?”

“ಅಯ್ಯಯ್ಯೋ, ಸಾವ್ಕಾರ್ರು ನನ್ ಉಳ್ಸಾರಾ? ಕೆಂಪನಂಜಪ್ಪೋರು ಕಾಶಿಯಿಂದ ಬಂದೇಟ್ಗೆ ಮೊದ್ಲು ಅದನ್ನೇ ಕೇಳಾದು.”

ಹೆಸರು ಬಾಯಿಂದ ಬಿದ್ದುಹೋಯಿತು. ಒಳಗೆ ಶಿವರತ್ನಮ್ಮನ ಕೈಯಿಂದ ಪಾತ್ರೆಯೊಂದು ಬಿದ್ದ ಸದ್ದಾಯಿತು. ಹೊರಗೆ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರಿಸಿನದ ಸಾವ್ಕಾರರು ಹುಲಿ ತರಿಸಿ ಮ್ಯಾನೇಜರನ ಮನೆಯಲ್ಲಿ ಅಡಗಿಸಿಟ್ಟಿದ್ದಾರೆ! ಅವರೆಲ್ಲ ಯಾಕೆ ಹಾಗೆ ನೋಡುತ್ತಿದ್ದಾರೆಂದು ಶಿವಮಲ್ಲಪ್ಪನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಚೈತನ್ಯವೂ ಇರಲಿಲ್ಲ. ಅವರನ್ನು ಸಮಾಧಾನ ಮಾಡಿ ಕಳಿಸಿ ಮಲಗಿದರೆ ಸಾಕಿತ್ತು.

“ಯೋಚ್ನೆ ಮಾಡ್ಬ್ಯಾಡಿ. ನಾಳೆ ಒಂದು ಪೌಡ್ರು ತತ್ತೀನಿ. ಆಕ್ಬುಟ್ರೆ ಮುಗೀತು. ಒಂದ್ ಮೂಟೆ ಕಟ್ಟಿ ಎಸ್ದು, ಇಲ್ಲಿತ್ತು ಅನ್ನೋ ಗುರ್ತೇ ಇಲ್ದಂಗೆ ಮಾಡ್ಬುಡ್ತೀನಿ.”

ಅರಣ್ಯ ಇಲಾಖೆಗೆ ಫೋನು ಮಾಡಿದವರು ಯಾರು ಎಂಬುದು ಇವತ್ತಿಗೂ ಗೊತ್ತಿಲ್ಲ. ಎಂಟು ಜನರೂ ಮಾಡಿದರು ಎಂದು ಕಾಣುತ್ತದೆ.

ಬೆಳಿಗ್ಗೆ ಮೊದಲು ಬಂದದ್ದು ಕಾಶಿಯ ಫೋನು. ಸಾವ್ಕಾರರೇ ಮಾತಾಡಿದರು. “ನಾನು ಹುಲಿ ಸಾಕಿವ್ನಂತೆ? ಅರಿಸಿನದ್ ಮಂಡಿಯಿಂದ ಒಬ್ರಾದ್ ಮ್ಯಾಲೆ ಒಬ್ರು ಕೇಳ್ತಾವ್ರೆ! ಇಲ್ಲಿ ಗಂಗೇಲಿ ನಿಂತ್ಕಂಡು ನನ್ ಮಾನ ಕಳ್ಕಬೇಕಾ? ಮಂಟಪದ್ ಬೀಗದ ಕೈ ಎಲ್ಲ ಒಂದ್ಕಡೆ ಇಟ್ಟಿರು. ಬಂದು ಇಸ್ಕತೀನಿ.”

ಶಿವಮಲ್ಲಪ್ಪ ಫೋನು ಕೈಲಿ ಹಿಡಿದು ನಿಂತೇ ಇದ್ದ. ಹುಲಿ ಎಂಬ ಮಾತನ್ನು ಅವನು ಆಗಲೇ ಮೊದಲು ಕೇಳಿದ್ದು. ಅದೇನೆಂದು ಯೋಚಿಸುವಷ್ಟರಲ್ಲಿ ಬೀದಿಗೆ ಜೀಪು ಬಂತು, ಹಿಂದೆ ಬೋನು ಹೊತ್ತ ಟೆಂಪೋ ಬಂತು. ಮಾಳಿಗೆಗಳ ಮೇಲೆ ಜನ ಹತ್ತಿದರು. ಜೀಪಿನಿಂದ ಬಸವೇಶ ಎನ್ನುವ ಫಾರೆಸ್ಟರು ಇಳಿದರು. ಸೊರಗಿದ ಮುಖ, ನಿದ್ದೆಗೆಟ್ಟ ಕಣ್ಣು. ಹಿಂದೆ ಬಲೆ ಹಿಡಿದ ಗಾರ್ಡುಗಳು. ಎಲ್ಲರಿಗಿಂತ ಹಿಂದೆ, ಅಕ್ಕನ ಸೀರೆಯ ಮರೆಯಲ್ಲಿ, ಕಾಡು ಕಲಿತ ಮಾದು.

“ಶಿವಮಲ್ಲಪ್ಪ ನೀವೇನಾ? ಬೆಂಗಾಲ್ ಎಲ್ಲಿ?”

“ಬಚ್ಚಲಲ್ಲಿ ಅವ್ನೆ ಸಾ. ಈಗ್ತಾನೆ ಕೂತವ್ನೆ.”

ಬಸವೇಶರು ಕೈಯೆತ್ತಿದರು. ಗಾರ್ಡುಗಳು ತುದಿಗಾಲಲ್ಲಿ ನಡುಮನೆ ದಾಟಿ ಬಚ್ಚಲ ಬಾಗಿಲಿಗೆ ಬಲೆ ಹಿಡಿದರು. ಒಳಗಿನಿಂದ ಬರ್ರ್ ಬರ್ರ್ ಎಂದು ಕೆರೆಯುವ ಸದ್ದು.

“ಸಾ, ಗುಂಡಿ ತೋಡ್ತಾ ಅದೆ,” ಎಂದು ಒಬ್ಬ ಗಾರ್ಡು ಪಿಸುಗುಟ್ಟಿದ. ಮಾತು ಬಾಯಿಂದ ಬಾಯಿಗೆ ಹೋಗಿ, ಮಾಳಿಗೆ ತಲುಪುವಷ್ಟರಲ್ಲಿ ಹುಲಿ ಗೋಡೆ ಕೊರೆಯುತ್ತಿದೆ ಎಂದಾಯಿತು. ಯಾರೋ ಅಳತೊಡಗಿದರು.

ಕೆರೆತ ನಿಂತಿತು. ಟಕ್, ಟಕ್, ಟಕ್, ಟಕ್. ಪ್ರಿನ್ಸ್ ಹೊಸ್ತಿಲ ಮೇಲೆ ಬಂದು, ಬಲೆಯನ್ನೂ ಬಲೆ ಹಿಡಿದವರನ್ನೂ ನೋಡಿ, ಮಣ್ಣಿನ ಬೂಟಿನ ಒಂದು ಕಾಲೆತ್ತಿ ನೆಕ್ಕಿತು. ಆಮೇಲೆ ಮಿಯಾಂವ್ ಎಂದಿತು.

ಬೀದಿಗೆ ಆದಷ್ಟು ನಿರಾಶೆ ಪರೀಕ್ಷೆಯಲ್ಲಿ ಫೇಲಾದವರಿಗೂ ಆಗುವುದಿಲ್ಲ. “ಬೆಕ್ಕೂ!” ಎಂದಳು ವಸಂತಮ್ಮ, ಮೋಸ ಹೋದವಳ ಹಾಗೆ. ನಂಜಯ್ಯನವರು ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. ಮಾದು ಅಲ್ಲಿರಲಿಲ್ಲ.

ಬಸವೇಶರು ಮಾತ್ರ ಬೆಕ್ಕನ್ನು ಬಿಟ್ಟು ಬಚ್ಚಲೊಳಗೆ ಇಣುಕಿದರು. ಟಬ್ಬು ಅಂಚಿನ ತನಕ ತುಂಬಿ ಗೋಪುರವಾಗಿತ್ತು. ಬುಡದಲ್ಲಿ ಸಾವ್ಕಾರರ ಮನೆಯ ಪುಡಿ, ಅದರ ಮೇಲೆ ಲ್ಯಾವೆಂಡರು, ಹೊಟ್ಟು, ಎಂ-ಸ್ಯಾಂಡ್, ಮತ್ತೆ ಹೊಟ್ಟು, ಮೇಲೆ ಹನೂರಿನ ಅರ್ತಿಂಗು. ಮೂಗು ಹಿಡಿದುಕೊಂಡೇ ಕೇಳಿದರು:

“ಇದನ್ನ ಯಾವಾಗ ಎತ್ತಿದ್ರಿ?”

“ಎತ್ತೋದಾ ಸಾ?”

“ಹೇಲು, ರೀ! ಉಚ್ಚೆ ಗಡ್ಡೆ ಕಟ್ತದಲ್ಲ, ಅದು! ಬೆಳಿಗ್ಗೆ ಸಾಯಂಕಾಲ ಎತ್ತಿ ಹೊರಗೆ ಹಾಕ್ಬೇಕಲ್ಲ!”

“ವಾಸ್ನೆಯೆಲ್ಲ ಅದೇ ಎಳ್ಕತದೆ, ಕಮ್ಮಿಯಾದಾಗ ಮ್ಯಾಲೆ ಆಕ್ತಾ ಇರಿ, ಅಂತಂದ್ರು ಮೇಡಂ...”

ಮಾಳಿಗೆಯ ಮೇಲಿದ್ದವರೂ ಮೂಗು ಮುಚ್ಚಿಕೊಂಡರು.

“ಎತ್ತಕ್ಕೆ ಒಂದು ಸೌಟು ಕೊಟ್ಟಿರ್ತಾರೆ,” ಎಂದರು ಬಸವೇಶರು, ಚಿಕ್ಕ ಮಗುವಿಗೆ ಹೇಳುವ ಹಾಗೆ. “ಪ್ಲಾಸ್ಟಿಕ್‌ದು. ತೂತು ತೂತು ಇರುತ್ತೆ. ಎಲ್ಲಿ ಅದು?”

ಅಡುಗೆಮನೆಯ ಬಾಗಿಲಲ್ಲಿ ಶಿವರತ್ನಮ್ಮ ನಿಂತಿದ್ದಳು. ಒಲೆಯ ಮೇಲೆ ಉಪ್ಸಾರು ಇತ್ತು. ಅವಳ ಕೈಲಿ ತೂತು ತೂತಿನ ನೀಲಿ ಸೌಟು, ಸೌಟಿನಲ್ಲಿ ಈಗಷ್ಟೇ ಬಸಿದ ಅಲಸಂದೆ ಕಾಳು. ಅವಳು ಸೌಟನ್ನು ನೋಡಿದಳು. ಬಚ್ಚಲನ್ನು ನೋಡಿದಳು. ಗಂಡನನ್ನು ನೋಡಿದಳು.

“ಒಸಾದಿತ್ತು ಕನ್ರಪ್ಪ,” ಎಂದಳು, ಯಾರಿಗೂ ಅಲ್ಲದ ಹಾಗೆ. “ಕವರು ನಾನೇ ಕಿತ್ತಿದ್ದು. ಕಾಳು ಬಸಿಯಕ್ಕೆ ಚೆನ್ನಾಗದೆ ಅಂತ...”

“ಮೊನ್ನೆ ನಂಗೂ ಉಪ್ಸಾರು ಕೊಟ್ಟಿದ್ರಲ್ಲಕ್ಕಾ!” ಎಂದು ವಸಂತಮ್ಮ ಬಾಯಿಗೆ ಸೆರಗು ತುರುಕಿಕೊಂಡು ಓಡಿದಳು. ಸೌಟು ಇನ್ನೂ ಬೆಕ್ಕನ್ನೇ ಕಂಡಿರಲಿಲ್ಲ, ಹೆದರಬೇಕಾಗಿಲ್ಲ ಎಂದು ಬೀದಿಯ ಹೆಂಗಸರು ಅವಳನ್ನು ಒಪ್ಪಿಸಲು ಸಂಜೆಯಾಯಿತು.

ಜನರನ್ನು ಕಳಿಸಿ, ಟೆಂಪೋ ತಿರುಗಿಸಲು ಹೇಳಿ, ಬಸವೇಶರು ಜಗಲಿಯ ಮೇಲೆ ಶಿವಮಲ್ಲಪ್ಪನ ಪಕ್ಕ ಕೂತರು. ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು.

“ನಮ್ಮನೇಲೂ ಒಂದದೆ. ಮಗಳು ತಂದದ್ದು. ಅವಳು ತಂದ್ಲು, ನಾನು ಎತ್ತುತೀನಿ. ಕಾಡಲ್ಲಿ ಆನೆ ಓಡಿಸಿ ಬಂದು ಮನೇಲಿ ಇದು.” ಟೋಪಿಯ ಧೂಳು ಕೊಡವಿ ಅಂದರು, “ಸೆಂಟು ಇರೋದು ತರಬೇಡಿ. ಎಷ್ಟು ದುಬಾರಿದು ತಂದ್ರೂ ಎತ್ತಲಿಲ್ಲ ಅಂದ್ರೆ ನಾರುತ್ತೆ. ದಿನಾ ಎತ್ತಿ, ವಾರಕ್ಕೊಂದು ಸಲ ಎಲ್ಲ ಚೆಲ್ಲಿ, ಟಬ್ಬು ತೊಳೆದು ಬಿಸಿಲಿಗಿಡಿ. ಬೇರೆ ಮಂತ್ರ ಇಲ್ಲ.” ಸಂಜೆ ತಮ್ಮ ಮನೆಯಿಂದ ಸಪ್ಪೆ ಗುಳಿಗೆಯಂಥ ಪುಡಿಯ ಅರ್ಧ ಚೀಲ ಕಳಿಸಿಕೊಟ್ಟರು, ಜೊತೆಗೆ ಒಂದು ಹಳೆಯ ಸೌಟು. ಆ ಗೋಪುರವನ್ನು ಊರಾಚೆ ಹೂಳಲು ಶಿವಮಲ್ಲಪ್ಪ ಎರಡು ಸಲ ಹೋಗಿ ಬಂದ. ಪ್ರಿನ್ಸನ ಬೂಟುಗಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿಡಿಸಿದರು. ಒಂದೆರಡು ದಿನದಲ್ಲಿ ಮನೆಯಲ್ಲಿ ಊದುಬತ್ತಿಯ ವಾಸನೆ ಊದುಬತ್ತಿಯ ಹಾಗೇ ಬರತೊಡಗಿತು.

ಸಾವ್ಕಾರರು ಕಾಶಿಯಿಂದ ಬಂದರು. ಕಾರಿನಿಂದ ಇಳಿಯಲಿಲ್ಲ. ಡ್ರೈವರು ಬೆಕ್ಕನ್ನು ಎತ್ತಿಕೊಂಡ, ಶಿವಮಲ್ಲಪ್ಪ ಕಿಟಕಿಯಿಂದ ಬೀಗದ ಕೈಗೊಂಚಲು ಕೊಟ್ಟ. ಸಾವ್ಕಾರರು ಜೇಬಿಗೆ ಹಾಕಿಕೊಂಡರು. “ಶ್ರಾವಣಕ್ಕೆ ಬೇರೆ ಯಾರ್ನಾದ್ರೂ ನೋಡ್ತೀನಿ,” ಎಂದರು. ಕಾರು ಹೋಯಿತು.

ಶಿವಮಲ್ಲಪ್ಪ ಜಗಲಿಯ ಮೇಲೆ ಕೂತ. ಕಾಲು ಚಾಚಿದ. ಯಾರೂ ಕರೆಯಲಿಲ್ಲ. ಇಷ್ಟು ವರ್ಷ ಬೇಡಿಕೊಂಡ ಆರಾಮ ಅದು. ಆದರೂ ಕೈ ಮತ್ತೆ ಮತ್ತೆ ಬೀಗದ ಕೈಗಾಗಿ ಜೇಬು ತಡಕುತ್ತಿತ್ತು. ಶಿವರತ್ನಮ್ಮ ಒಂದು ಮಾತೂ ಬೈಯಲಿಲ್ಲ. ಅದರಿಂದ ಅವನಿಗೆ ಇನ್ನೂ ಭಯವಾಯಿತು.

ವಾರ ಕಳೆಯುವುದರೊಳಗೆ ಕಾರು ಮತ್ತೆ ಬಂತು. “ಸಾವ್ಕಾರ್ರು ಈಗ್ಲೇ ಬರಬೇಕಂತೆ,” ಎಂದ ಡ್ರೈವರು. ಅವನು ಮೂಗಿಗೆ ಕರ್ಚೀಫು ಕಟ್ಟಿಕೊಂಡಿದ್ದ.

ದೊಡ್ಡಮನೆಯ ಗೇಟಿನಲ್ಲೇ ಶಿವಮಲ್ಲಪ್ಪನಿಗೆ ಗುರುತು ಸಿಕ್ಕಿತು. ಲ್ಯಾವೆಂಡರು, ಅದರ ಜೊತೆಗಾರ. ಮನೆಯಲ್ಲಿ ನಡೆದದ್ದು ಇಷ್ಟು. ಇಲ್ಲಿಯವರೆಗೆ ಕೆಲಸದ ರೋಜಾ ಹೊತ್ತಾರೆ ಎಲ್ಲರೂ ಏಳುವ ಮುಂಚೆ ಬಂದು ಟಬ್ಬನ್ನು ಶುದ್ಧ ಮಾಡಿ ಹೋಗುತ್ತಿದ್ದಳು. ವಾಸನೆಯನ್ನು ಪುಡಿಯೇ ಎಳೆದುಕೊಳ್ಳುತ್ತದೆ ಎಂದು ಮನೆಯವರು ತಿಳಿದಿದ್ದರು. ರೋಜಾ ಕ್ರಿಸ್ತರವಳು, ಆಷಾಢದ ಲೆಕ್ಕವಿಲ್ಲ; ಇವರು ಕಾಶಿಯಲ್ಲಿದ್ದಾಗ ಅವಳ ಮದುವೆಯಾಯಿತು, ಅವಳು ಗಂಡನ ಊರಿಗೆ ಹೋದಳು. ಬೆಕ್ಕು ಬಂದ ಎರಡನೆಯ ದಿನ ಮನೆ ನಾರಿತು. ಮೂರನೆಯ ದಿನ ನಾಗಶ್ರೀ ವಾಂತಿ ಮಾಡಿಕೊಂಡಳು. ನಾತಕ್ಕೆ ಎಂದುಕೊಂಡು ಮನೆಯೆಲ್ಲ ಫಿನಾಯಿಲು ಸುರಿದರು, ವಾಂತಿ ಹೆಚ್ಚಾಯಿತು. ಡಾಕ್ಟರು ಬಂದು ನೋಡಿ, ಸೊಸೆ ಬಸುರಿ ಎಂದೂ, ಬಸುರಿಯರು ಬೆಕ್ಕಿನ ಟಬ್ಬನ್ನು ಮುಟ್ಟಲೇಬಾರದೆಂದೂ ಹೇಳಿ ಹೋದರು. ಮಗ ಅರಿಸಿನದ ಲೋಡಿನ ಜೊತೆ ಈರೋಡಿಗೆ ಹೋಗಿದ್ದ. ಸಾವ್ಕಾರರ ಹೆಂಡತಿಗೆ ಮಂಡಿ ನೋವು. ಬಗ್ಗಲಾರರು.

“ಎಲ್ಲ ಸೆಂಟೂ ಆಕಾಯ್ತು,” ಎಂದರು ಕೆಂಪನಂಜಪ್ಪನವರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಕಣ್ಣು ಕೆಂಪಗೆ. “ನಿನ್ ಮನೇಲಿ ನಾತಾನೇ ಇರ್ನಿಲ್ಲ ಅಂದ ಡ್ರೈವರು. ಅದೇನ್ ಮಾಡ್ದೆ ಯೋಳಪ್ಪ.”

ಶಿವಮಲ್ಲಪ್ಪ ಸೌಟನ್ನು ಹುಡುಕಿದ. ಟಬ್ಬಿನ ಹಿಂದೆ ರೋಜಾ ಸಿಗಿಸಿಟ್ಟ ಹಾಗೇ ಇತ್ತು. ಅದನ್ನು ತೆಗೆದ. ಬಗ್ಗಬೇಕು ಅಂದುಕೊಂಡ. ಒಂದು ತಿಂಗಳ ಸುಸ್ತು ಆಗ ಒಟ್ಟಿಗೆ ಬಂತು. ಸೊಂಟ ಬಗ್ಗಲಿಲ್ಲ. ಪಕ್ಕದಲ್ಲಿ ಸಾವ್ಕಾರರು ಪೇಪರ್ ಓದುವ ಬೆತ್ತದ ಕುರ್ಚಿ ಇತ್ತು. ಅವನು ಅದರಲ್ಲಿ ಕೂತ. ಕೂತ ಮೇಲೆ, ಆ ಕುರ್ಚಿ ಯಾರದು ಎಂದು ಹೊಳೆಯಿತು. ಏಳಲು ಆಗಲಿಲ್ಲ.

“ಬಗ್ಗಿ ಸಾವ್ಕಾರ್ರೆ,” ಎಂದು ಸೌಟು ಮುಂದೆ ಚಾಚಿದ. “ತೋರುಸ್ಕೊಡ್ತೀನಿ.”

ಕೆಂಪನಂಜಪ್ಪನವರು ಸೌಟನ್ನು ನೋಡಿದರು, ಸೊಸೆಯ ರೂಮಿನ ಕಡೆ ನೋಡಿದರು. ಒಳಗಿನಿಂದ ಮತ್ತೆ ಓಕರಿಕೆಯ ಸದ್ದು. ಅವರು ಪಂಚೆ ಮೇಲಕ್ಕೆ ಕಟ್ಟಿ, ನಿಧಾನವಾಗಿ ಕುಕ್ಕರಗಾಲಲ್ಲಿ ಕೂತರು.

“ಅಡೀಲಿಂದ ತಗೀರಿ. ಅಲ್ಲಾಡ್ಸಿ. ಪುಡಿ ಉದುರ್ಲಿ. ಅಷ್ಟೆಯ. ಕವರ್ಗಾಕಿ.”

ಸೌಟಿನ ಸದ್ದೊಂದೇ.

“ಮಂಟಪದ್ ಬೀಗದ ಕೈ ಆ ಟೇಬಲ್ ಮ್ಯಾಲದೆ,” ಎಂದರು ಸಾವ್ಕಾರರು, ತಲೆ ಎತ್ತದೆ. “ಓಗ್ತಾ ತಕಂಡೋಗು.”

ಶಿವಮಲ್ಲಪ್ಪ ಕೂತಲ್ಲಿಂದಲೇ ಕೈ ಚಾಚಿ ಗೊಂಚಲನ್ನು ಎಳೆದುಕೊಂಡ. ಜೇಬಿಗೆ ಹಾಕಿಕೊಂಡ. ಕುರ್ಚಿಯ ಬೆನ್ನಿಗೆ ಒರಗಿ ಕಣ್ಣು ಅರ್ಧ ಮುಚ್ಚಿದ.

“ಆ ಮೂಲೇಲಿ ಇನ್ನೊಂದದೆ, ಸಾವ್ಕಾರ್ರೆ.”